ಕರೆಂಟು ಹೊಡೆದು ಬದುಕುಳಿದವರ ಪರಿಹಾರದ ಹಕ್ಕು



ಜನಸಾಮಾನ್ಯರಿಗೆ ಉಪಯೋಗಕ್ಕೆ ಬರುವ ಕಾನೂನಿನ ವಿಷಯ ಯಾವುದಾದರೂ ಆಗಲಿ ಎಂದು ಹೇಳಿ, ಈ ದತ್ತಿ ಉಪನ್ಯಾಸದ ದಾನಿಗಳು ಆಯ್ಕೆಯನ್ನು ನನಗೇ ಬಿಟ್ಟಿದ್ದಾರೆ. ಕರೆಂಟು ಹೊಡೆದು ತೀವ್ರವಾಗಿ ಗಾಯಗೊಂಡವರು ಪರಿಹಾರ ಪಡೆಯುವ ಬಗೆಯನ್ನು ನಾನು ಆರಿಸಿಕೊಂಡಿದ್ದೇನೆ. ಸತ್ತವರ ವಾರಸುದಾರರ ಬಗ್ಗೆ ಇವತ್ತು ಹೆಚ್ಚು ಮಾತಾಡುವುದಿಲ್ಲ. ಅದಕ್ಕೆ ಕಾರಣವಿದೆ.

2019ರ ಆಗಸ್ಟಿನಲ್ಲಿ ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ ಧ್ವಜದ ಕಂಬ ತೆಗೆಯುವಾಗ ತಂತಿ ತಗುಲಿ ಐವರು ಹುಡುಗರು ತೀರಿಕೊಂಡರು. 2023ರ ನವೆಂಬರ್ 19ರಂದು ಬೆಂಗಳೂರಿನ ಹೋಪ್ ಫಾರ್ಮ್ ವೃತ್ತದ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ಪ್ರಾಣ ಬಿಟ್ಟರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ಕರೆಂಟು ತಗುಲಿ ಸತ್ತರು. ಈ ಮೂರೂ ನಮಗೆ ನೆನಪಿವೆ. ಸೂರಣಗಿಯಲ್ಲಿ ಅದೇ ರಾತ್ರಿ ಗಾಯಗೊಂಡು ಆಸ್ಪತ್ರೆ ಸೇರಿದವರೂ ಇದ್ದರು. ಅವರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದ್ದಾರೆ? ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರು ಈಚಿನ ವರ್ಷಗಳಲ್ಲಿ ವರ್ಷಕ್ಕೆ 12,000ಕ್ಕಿಂತ ಹೆಚ್ಚು. ಸಾವಾದರೆ ಮಂತ್ರಿಗಳು ಬರುತ್ತಾರೆ, ಚೆಕ್ಕು ಬರುತ್ತದೆ, ಅಧಿಕಾರಿ ಅಮಾನತಾಗುತ್ತಾರೆ. ಎರಡೂ ಕೈ ಹೋಗಿ ಬದುಕಿ ಮನೆಗೆ ಬಂದವನ ಬಾಗಿಲಿಗೆ ಯಾರೂ ಬರುವುದಿಲ್ಲ. ಆದರೆ ಮುಂದಿನ ಮೂವತ್ತು ನಲವತ್ತು ವರ್ಷ ಖರ್ಚು ಇರುವುದು ಅವನಿಗೆ. ನಮ್ಮ ಪರಿಹಾರದ ವ್ಯವಸ್ಥೆ ಸಾವನ್ನು ಅಳೆಯಲು ಕಲಿತಷ್ಟು ಉಳಿದ ಬದುಕನ್ನು ಅಳೆಯಲು ಕಲಿತಿಲ್ಲ. ಈ ಮಾತನ್ನು ವಿವರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಮೊದಲು ಗಾಯದ ಸ್ವಭಾವ ತಿಳಿಯಬೇಕು. ಅದು ತಿಳಿಯದೆ ವಾದ ಮಾಡಿದ ವಕೀಲರು ಎಷ್ಟೋ ಒಳ್ಳೆಯ ಪ್ರಕರಣಗಳನ್ನು ಕಳೆದಿದ್ದಾರೆ. ಊರ ಹೊರಗಿನ ಹೊಲಗಳ ಮೇಲೆ ಹಾದುಹೋಗುವ ಲೈನು ಸಾಮಾನ್ಯವಾಗಿ 11 ಕೆ.ವಿ., ಅಂದರೆ ಹನ್ನೊಂದು ಸಾವಿರ ವೋಲ್ಟಿನದು. ಆ ಕರೆಂಟು ಅಂಗೈಯಿಂದ ಒಳಹೊಕ್ಕು ಪಾದದಿಂದ ಹೊರಬಿದ್ದರೆ ಚರ್ಮದ ಮೇಲೆ ಕಾಣುವುದು ಎರಡು ಸಣ್ಣ ಸುಟ್ಟ ಕಲೆ. ಒಳಗೆ ಮೂಳೆಗೆ ಅಂಟಿದ ಸ್ನಾಯು ಬೆಂದಿರುತ್ತದೆ, ರಕ್ತನಾಳ ಮುಚ್ಚಿಹೋಗಿರುತ್ತದೆ. ಸತ್ತ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರ ಕಪ್ಪುಗೆಂಪಾಗುತ್ತದೆ, ಕಿಡ್ನಿ ಕೈಕೊಡುತ್ತದೆ. ಊತ ಇಳಿಸಲು ಕೈಯನ್ನು ಉದ್ದಕ್ಕೆ ಸೀಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮೊದಲು ಮಣಿಕಟ್ಟಿನಲ್ಲಿ, ಆಮೇಲೆ ಮೊಣಕೈಯಲ್ಲಿ ಕತ್ತರಿಸುತ್ತಾರೆ. ಎಷ್ಟೋ ತಿಂಗಳು ಕಳೆದ ಮೇಲೆ ಕಣ್ಣಿಗೆ ಪೊರೆ ಬರುವುದೂ ಉಂಟು.

ಮೊದಲ ದಿನ ಬರೆದ ವೂಂಡ್ ಸರ್ಟಿಫಿಕೇಟಿನಲ್ಲಿ ಮಾತ್ರ "ಸುಟ್ಟ ಗಾಯ ಶೇ. 6" ಎಂದಿರುತ್ತದೆ. ಆ ಆರು ಚರ್ಮದ ಲೆಕ್ಕ. ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು, ಇಷ್ಟು ಸಣ್ಣ ಗಾಯಕ್ಕೆ ಇಷ್ಟು ದೊಡ್ಡ ಮೊತ್ತವೇ ಎಂದು ಕೇಳುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಡಿಸ್ಚಾರ್ಜ್ ಸಮ್ಮರಿ, ಪ್ರತಿ ಮರುಭೇಟಿಯ ಚೀಟಿ ಎಲ್ಲವನ್ನೂ ಒಂದೇ ಕಡತದಲ್ಲಿ ಇಡಬೇಕು. ಗಾಯ ಮಾಗಿ, ಅಂಗವೈಕಲ್ಯ ಇಷ್ಟೇ ಎಂದು ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಡುವವರೆಗೆ ಯಾವ ರಾಜಿಪತ್ರಕ್ಕೂ ಹೆಬ್ಬೆಟ್ಟು ಒತ್ತಬಾರದು.

ಇನ್ನು ಹೊಣೆ ಯಾರದು ಎಂಬ ಪ್ರಶ್ನೆ. ಹಳ್ಳಿಯ ಗಾಯಾಳು ನಮ್ಮ ಬಳಿ ಬಂದಾಗ ಮೊದಲು ಹೇಳುವ ಮಾತು, "ಕೆಇಬಿಯವರದು ತಪ್ಪು ಅಂತ ನಾನು ಹೆಂಗೆ ಸಾಬೀತು ಮಾಡ್ಲಿ ಸ್ವಾಮಿ?" ವಿದ್ಯುತ್ ಮಂಡಳಿ ಹೋಗಿ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಬಂದು ಎರಡು ದಶಕ ಕಳೆದರೂ ಜನರ ಬಾಯಲ್ಲಿ ಅದು ಕೆಇಬಿಯೇ. ಅವನಿಗೆ ನಾವು ಕೊಡಬೇಕಾದ ಉತ್ತರ ಸಮಾಧಾನದ್ದು. ತಪ್ಪು ಸಾಬೀತು ಮಾಡುವ ಭಾರವನ್ನು ಕಾನೂನು ನಿನ್ನ ಹೆಗಲ ಮೇಲೆ ಇಟ್ಟಿಲ್ಲ.

ಅಪಾಯದ ವಸ್ತುವನ್ನು ತನ್ನ ಉಪಯೋಗಕ್ಕೆ ತಂದಿಟ್ಟುಕೊಂಡವನು, ಅದು ತಪ್ಪಿಸಿಕೊಂಡು ಬೇರೆಯವರಿಗೆ ಹಾನಿ ಮಾಡಿದರೆ, ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ ಹೊಣೆ ಹೊರಬೇಕು ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ಹೇಳಿತು. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿ ಮಾಡಿತು. ವಿದ್ಯುತ್ತಿನ ಮಟ್ಟಿಗೆ ನಾವೆಲ್ಲ ಆಧಾರವಾಗಿ ಹಿಡಿಯುವುದು ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ವಿರುದ್ಧ 2002ರ ಜನವರಿಯಲ್ಲಿ ಬಂದ ತೀರ್ಪು. 1997ರ ಆಗಸ್ಟಿನ ಒಂದು ರಾತ್ರಿ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ 37 ವರ್ಷದ ಕಾರ್ಮಿಕ, ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿ ಕಾಣದೆ ಅದರ ಮೇಲೆ ಸೈಕಲ್ ಹಾಯಿಸಿ ಸತ್ತ. ಯಾರೋ ಕಳ್ಳತನದಲ್ಲಿ ಕರೆಂಟು ಎಳೆದಿದ್ದರು, ಆ ತಂತಿ ಬಿದ್ದದ್ದಕ್ಕೆ ನಾವು ಹೊಣೆಯಲ್ಲ ಎಂದು ಮಂಡಳಿ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಇಂಥ ಅಪಾಯದ ಶಕ್ತಿಯನ್ನು ಪೂರೈಸುವವರ ಮೇಲೆ ಅದನ್ನು ಹದ್ದುಬಸ್ತಿನಲ್ಲಿಡುವ ಹೆಚ್ಚುವರಿ ಕರ್ತವ್ಯ ಇದೆ. ತಂತಿ ಹರಿದಾಗ ಕರೆಂಟು ತಾನಾಗಿ ನಿಲ್ಲುವ ಏರ್ಪಾಡು ಇರಬೇಕಿತ್ತು. ಮೂರನೆಯವರ ಕೃತ್ಯ ಎಂಬುದು ಇಲ್ಲಿ ನಡೆಯುವ ನೆಪವಲ್ಲ. ತೀರ್ಪಿನ ಸಾರ ಇಷ್ಟು. ಸಾವಿಗೆ ಅನ್ವಯಿಸಿದ ಈ ತತ್ವ ಗಾಯಕ್ಕೂ ಅಷ್ಟೇ ಅನ್ವಯ.

ಹಾಗಿದ್ದರೂ ನಮ್ಮ ನ್ಯಾಯಾಲಯಗಳಲ್ಲಿ ಪ್ರತಿದಿನ ಕೇಳಿಬರುವ ಮೂರು ಆಕ್ಷೇಪಗಳಿವೆ.

"ಲೈನಿನ ಕೆಳಗೆ ಮನೆ ಕಟ್ಟಿದ್ದು ನಿಮ್ಮ ತಪ್ಪು" ಎಂಬುದು ಮೊದಲನೆಯದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳ ಪ್ರಕಾರ 11 ಕೆ.ವಿ. ಲೈನು ಕಟ್ಟಡದ ಮೇಲಿನಿಂದ ಹಾದುಹೋದರೆ ಛಾವಣಿಯಿಂದ 3.7 ಮೀಟರ್ ಎತ್ತರದಲ್ಲಿರಬೇಕಿತ್ತು, ಪಕ್ಕದಲ್ಲಿ ಹಾದುಹೋದರೆ 1.2 ಮೀಟರ್ ದೂರವಿರಬೇಕಿತ್ತು. ರಸ್ತೆ ದಾಟುವಲ್ಲಿ 6.1 ಮೀಟರ್ ಎತ್ತರ ಬೇಕಿತ್ತು. 2023ರಲ್ಲಿ ಈ ನಿಯಮಗಳು ಹೊಸದಾಗಿ ಹೊರಬಂದಿವೆ. ಲೈನು ಮೊದಲೋ ಮನೆ ಮೊದಲೋ ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗಬೇಕು. ಪಂಚಾಯಿತಿಯ ಪರವಾನಗಿ, ಕಂದಾಯದ ರಶೀದಿ, ಲೈನು ಸರಿಸಿಕೊಡಿ ಎಂದು ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ, ಇವುಗಳ ಮೇಲೆ ಪ್ರಕರಣ ನಿಲ್ಲುತ್ತದೆ. ಒಂದು ಎಚ್ಚರಿಕೆ: ಎತ್ತರ ಅಳೆಯಲು ಕೋಲು ಹಿಡಿದು ಯಾರೂ ತಂತಿಯ ಹತ್ತಿರ ಹೋಗಬೇಡಿ. ದೂರದಿಂದ ಫೋಟೊ ತೆಗೆಯಿರಿ. ಅಳತೆ ವಿದ್ಯುತ್ ಪರಿವೀಕ್ಷಕರ ಕೆಲಸ.

ಎರಡನೆಯದು, "ಇವನೇ ಹುಕ್ಕಿಂಗ್ ಮಾಡಲು ಹೋಗಿದ್ದ." ಗಾಯಾಳು ತಾನೇ ತಂತಿಗೆ ಕೊಕ್ಕೆ ಹಾಕಲು ಹೋಗಿ ಬಿದ್ದಿದ್ದರೆ ಪ್ರಕರಣ ಕಷ್ಟ, ಅದನ್ನು ಮುಚ್ಚಿಡಬಾರದು. ಆದರೆ ಈ ಮಾತನ್ನು ಆಧಾರವಿಲ್ಲದೆ ಎಲ್ಲರ ಮೇಲೂ ಹೊರಿಸುವುದನ್ನು ನಾನು ನೋಡುತ್ತ ಬಂದಿದ್ದೇನೆ. ಆಪಾದನೆ ಮಾಡಿದವರೇ ಅದನ್ನು ರುಜುವಾತು ಮಾಡಬೇಕು. ಮಹಜರಿನಲ್ಲಿ ಕೊಕ್ಕೆ ಸಿಕ್ಕಿದೆಯೇ, ವಿದ್ಯುತ್ ಕಳವಿನ ಪ್ರಕರಣ ದಾಖಲಾಗಿದೆಯೇ ಎಂದು ಪಾಟೀಸವಾಲಿನಲ್ಲಿ ಕೇಳಿದರೆ ಬಹಳ ಸಲ ಉತ್ತರವೇ ಇರುವುದಿಲ್ಲ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವಂಥದ್ದು. ನಮ್ಮ ಊರುಗಳಲ್ಲಿ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಫ್ಯೂಸ್ ಹಾಕುವ ಒಬ್ಬ ಹುಡುಗ ಇರುತ್ತಾನೆ. ಲೈನ್‌ಮನ್ನಿಗೆ ಹತ್ತು ಹದಿನೈದು ಹಳ್ಳಿ. ಬೆಳೆ ಒಣಗುತ್ತಿರುವಾಗ ಅವನಿಗಾಗಿ ಕಾಯಲು ರೈತರಿಗೆ ಆಗುವುದಿಲ್ಲ. ಫೋನಿನಲ್ಲಿ "ಲೈನು ತೆಗೆಸಿದೀನಿ, ಹತ್ತು" ಎಂದು ಲೈನ್‌ಮನ್ ಹೇಳಿದ್ದನ್ನು ನಂಬಿ ಹುಡುಗ ಕಂಬ ಹತ್ತುತ್ತಾನೆ. ಕರೆಂಟು ಬರುತ್ತದೆ. ಆಮೇಲೆ ಕಚೇರಿಯಿಂದ ಬರುವ ಉತ್ತರ, "ಅನಧಿಕೃತ ವ್ಯಕ್ತಿ, ನಮಗೂ ಅವನಿಗೂ ಸಂಬಂಧವಿಲ್ಲ." ವರ್ಷಗಟ್ಟಲೆ ಅವನ ದುಡಿಮೆ ಪಡೆದವರು ಹೀಗೆ ಹೇಳುವುದು ನ್ಯಾಯವಲ್ಲ. ಇಂಥ ಪ್ರಕರಣದಲ್ಲಿ ಅಂದಿನ ಫೋನ್ ಕರೆಗಳ ವಿವರ, ಹಿಂದೆಯೂ ಅವನಿಂದ ಕೆಲಸ ಮಾಡಿಸಿದ್ದಕ್ಕೆ ಊರವರ ಸಾಕ್ಷ್ಯ, ಉಪಕೇಂದ್ರದಲ್ಲಿ ಎಲ್.ಸಿ. (ಲೈನ್ ಕ್ಲಿಯರ್) ಪಡೆದ ದಾಖಲೆ ಇವನ್ನು ಕೂಡಲೇ ತರಿಸಬೇಕು.

ದಾಖಲೆಯ ಮಾತು ಬಂದದ್ದರಿಂದ ಅದನ್ನೇ ಮುಂದುವರಿಸುತ್ತೇನೆ. ಆಸ್ಪತ್ರೆಗೆ ಸೇರಿಸುವಾಗ "ಕರೆಂಟು ಹೊಡೆದಿದೆ" ಎಂದು ಸ್ಪಷ್ಟವಾಗಿ ಹೇಳಿ ಎಂ.ಎಲ್.ಸಿ. (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಬೇಕು. ಗಾಬರಿಯಲ್ಲಿ "ಮೇಲಿಂದ ಬಿದ್ದ" ಎಂದು ಬರೆಸಿದರೆ ಅದು ಕೊನೆಯವರೆಗೂ ಕಾಡುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ವಿದ್ಯುತ್ ಕಾಯಿದೆ 2003ರ 161ನೇ ಕಲಮಿನಂತೆ ಅಪಘಾತದ ಸೂಚನೆ ವಿದ್ಯುತ್ ಪರಿವೀಕ್ಷಕರಿಗೆ ಹೋಗಬೇಕು. ನಿಯಮಗಳು ಇದಕ್ಕೆ ಗಡುವನ್ನೂ ಕೊಟ್ಟಿವೆ. ಪರಿವೀಕ್ಷಕರು ಸ್ಥಳಕ್ಕೆ ಬಂದು ತನಿಖೆ ಮಾಡಿ, ಯಾವ ನಿಯಮ ಎಲ್ಲಿ ಮುರಿಯಿತು ಎಂದು ವರದಿ ಬರೆಯುತ್ತಾರೆ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಆದರೆ ಗಾಯಾಳುವಿನ ಮನೆಯವರಿಗೆ ಇಂಥದೊಂದು ವರದಿ ಇದೆ ಎಂಬುದೇ ಬಹಳ ಸಲ ಗೊತ್ತಿರುವುದಿಲ್ಲ. ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಟ್ಟು ಅದರ ಪ್ರತಿ ಕೇಳಬೇಕು. ಜೊತೆಗೆ ಉಪಕೇಂದ್ರದ ಲಾಗ್‌ಬುಕ್ಕಿನ ಆ ದಿನದ ಪುಟವನ್ನೂ ಕೇಳಬೇಕು. ತಂತಿ ನೆಲಕ್ಕೆ ಬಿದ್ದ ಹೊತ್ತಿಗೆ ಆ ಫೀಡರ್ ಟ್ರಿಪ್ ಆಯಿತೇ, ಟ್ರಿಪ್ ಆದ ಮೇಲೆ ಲೈನು ನೋಡದೆ ಮತ್ತೆ ಚಾರ್ಜ್ ಮಾಡಿದರೇ ಎಂಬುದು ಅದರಲ್ಲಿರುತ್ತದೆ.

ಇನ್ನು ಯಾವ ಬಾಗಿಲು ತಟ್ಟಬೇಕು? ಅದು ಗಾಯಾಳು ಯಾರು ಎಂಬುದರ ಮೇಲೆ ನಿಂತಿದೆ.

ಕೆಲಸದ ಮೇಲೆ ಗಾಯಗೊಂಡವನಿಗೆ ನೌಕರರ ಪರಿಹಾರ ಕಾಯಿದೆ, 1923 ಇತ್ತು. ಅದರ ವ್ಯವಸ್ಥೆ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರೊಳಗೆ ಸೇರಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ದಾರಿ ಬೇರೆ. ಲೈನಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರ "ಕಂಪನಿಯನ್ನು ಕೇಳಿ" ಎನ್ನುತ್ತಾನೆ, ಕಂಪನಿ "ಗುತ್ತಿಗೆದಾರನನ್ನು ಕೇಳಿ" ಎನ್ನುತ್ತದೆ. 1923ರ ಕಾಯಿದೆಯ 12ನೇ ಕಲಮು ಈ ಜಗ್ಗಾಟಕ್ಕೆ ಆಗಲೇ ಉತ್ತರ ಕೊಟ್ಟಿತ್ತು. ಕೆಲಸ ಯಾರ ಉದ್ಯಮಕ್ಕೆ ಸೇರಿದ್ದೋ ಆ ಮೂಲ ಮಾಲೀಕನಿಂದಲೇ ಪರಿಹಾರ ಪಡೆಯಬಹುದು. ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಮಾಲೀಕನ ತಲೆನೋವು. ಆಸ್ಪತ್ರೆಯಲ್ಲೇ ಐವತ್ತು ಸಾವಿರ ಕೊಟ್ಟು "ಇನ್ನು ಏನೂ ಕೇಳುವುದಿಲ್ಲ" ಎಂದು ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಕಾಯಿದೆ ಕೊಟ್ಟ ಪರಿಹಾರವನ್ನು ಬಿಟ್ಟುಕೊಡುವ ಒಪ್ಪಂದ ಅದೇ ಕಾಯಿದೆಯ 17ನೇ ಕಲಮಿನಡಿ ಅಸಿಂಧುವೇ ಆಗಿತ್ತು. ಅಂಥ ಕಾಗದಕ್ಕೆ ಹೆದರಿ ಸುಮ್ಮನಿರುವ ಕುಟುಂಬಗಳಿಗೆ ಈ ಒಂದು ವಾಕ್ಯ ತಲುಪಿದರೂ ನನ್ನ ಉಪನ್ಯಾಸ ಸಾರ್ಥಕ.

ಕೆಲಸಗಾರನಲ್ಲದ ದಾರಿಹೋಕ, ರೈತ, ಗೃಹಿಣಿ, ಮಗು ಇವರಿಗೆ ಸಿವಿಲ್ ದಾವೆ ಇದೆ. ಅದಕ್ಕೆ ಕೋರ್ಟ್ ಫೀ ಬೇಕು. ಕಟ್ಟಲಾಗದವರು ನಿರ್ಗತಿಕರೆಂದು ಅನುಮತಿ ಪಡೆದು ದಾವೆ ಹೂಡಬಹುದು. ಇದಕ್ಕಿಂತ ಹಗುರವಾದ ದಾರಿಯೊಂದಿದೆ, ನಮ್ಮ ವಕೀಲರೇ ಅದನ್ನು ಸಾಕಷ್ಟು ಬಳಸುತ್ತಿಲ್ಲ. ಅದು ಖಾಯಂ ಜನತಾ ನ್ಯಾಯಾಲಯ. ವಿದ್ಯುತ್ ಪೂರೈಕೆ ಸಾರ್ವಜನಿಕ ಉಪಯುಕ್ತ ಸೇವೆಯ ಪಟ್ಟಿಯಲ್ಲಿದೆ. ಒಂದು ಕೋಟಿ ರೂಪಾಯಿವರೆಗಿನ ಬೇಡಿಕೆಯನ್ನು ಅಲ್ಲಿ ಇಡಬಹುದು. ಬೇರೆ ನ್ಯಾಯಾಲಯಕ್ಕೆ ಹೋಗುವ ಮುಂಚೆ ಅರ್ಜಿ ಹಾಕಬೇಕು. ಅದು ಮೊದಲು ರಾಜಿಗೆ ಪ್ರಯತ್ನಿಸುತ್ತದೆ, ಆಗದಿದ್ದರೆ ತಾನೇ ತೀರ್ಮಾನ ಕೊಡುತ್ತದೆ. ರಾಜಿ ಮುರಿದರೆ ಎಲ್ಲ ಮುಗಿಯಿತು ಎಂದುಕೊಂಡವರು ಈ ಅಧಿಕಾರವನ್ನು ಗಮನಿಸಬೇಕು.

ಹೈಕೋರ್ಟಿಗೆ ನೇರವಾಗಿ ರಿಟ್ ಹಾಕಬಹುದೇ ಎಂದು ಕೇಳುತ್ತಾರೆ. ಒಡಿಶಾದ ಪ್ರಕರಣಗಳಲ್ಲಿ 1999ರಲ್ಲೂ 2005ರಲ್ಲೂ ಸುಪ್ರೀಂ ಕೋರ್ಟ್, ಸಂಗತಿಗಳಲ್ಲೇ ವಿವಾದವಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದಿದೆ. ಘಟನೆಯ ಬಗ್ಗೆ ತಕರಾರಿಲ್ಲದೆ, ಪರಿವೀಕ್ಷಕರ ವರದಿ ಕೈಯಲ್ಲಿದ್ದರೆ ರಿಟ್ ಯೋಚಿಸಬಹುದು. ಕಾಲಮಿತಿಯ ವಿಷಯದಲ್ಲಿ ನನ್ನ ಸಲಹೆ ಖಚಿತ. ನೌಕರರ ಪರಿಹಾರಕ್ಕೆ 1923ರ ಕಾಯಿದೆ ಎರಡು ವರ್ಷ ಕೊಟ್ಟಿತ್ತು. ಸಿವಿಲ್ ದಾವೆಗೆ ಒಂದು ವರ್ಷವೋ ಮೂರು ವರ್ಷವೋ ಎಂಬ ವಾದಕ್ಕೆ ಅವಕಾಶವನ್ನೇ ಕೊಡದೆ ವರ್ಷ ತುಂಬುವ ಮೊದಲೇ ಹಾಕಿಬಿಡಿ. ಗಾಯಾಳು ಅಪ್ರಾಪ್ತ ವಯಸ್ಸಿನವನಾದರೆ ಕಾಲಮಿತಿಯ ಕಾಯಿದೆ ಸಡಿಲಿಕೆ ಕೊಡುತ್ತದೆ, ಆದರೂ ಸಾಕ್ಷ್ಯ ಕಾಯುವುದಿಲ್ಲ.

ಈಗ ಮೊತ್ತದ ಮಾತು. ಎರಡೂ ಕೈ ಕಳೆದುಕೊಂಡ ಮೂವತ್ತು ವರ್ಷದ ಕೆಲಸಗಾರನನ್ನು ತೆಗೆದುಕೊಳ್ಳಿ. 1923ರ ಕಾಯಿದೆಯ ಅನುಸೂಚಿಯಲ್ಲಿ ಅದು ಶೇ. 100 ಅಂಗವೈಕಲ್ಯ. ತಿಂಗಳ ಸಂಬಳದ ಶೇ. 60ನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಬೇಕಿತ್ತು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 8,000 ಇದ್ದಾಗ ಅವನಿಗೆ ಬರುತ್ತಿದ್ದದ್ದು 9,98,304 ರೂಪಾಯಿ. 2020ರ ಜನವರಿ 3ರಿಂದ ಮಿತಿ 15,000ಕ್ಕೆ ಏರಿ ಅದು 18,71,820 ಆಯಿತು. ಕೊಡಬೇಕಾದ ಹೊತ್ತಿಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ದಂಡ. ಅದೇ ಅನುಸೂಚಿಯಲ್ಲಿ ಒಂದು ಹಸ್ತ ಹೋದರೆ ಶೇ. 60, ಹೆಬ್ಬೆರಳು ಹೋದರೆ ಶೇ. 30. ಈ ಅಂಕಿಗಳನ್ನು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಮೊಣಕೈಯ ಮೇಲೆ ಎಡಗೈ ಕತ್ತರಿಸಲಾದ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದು ಕೈಯಿಂದ ಬಡಗಿ ಕೆಲಸ ಆಗುವುದಿಲ್ಲವಾದ್ದರಿಂದ ನಷ್ಟ ಪೂರ್ತಿ ನೂರು ಎಂಬುದನ್ನು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಎತ್ತಿಹಿಡಿಯಿತು. ಕಂಬ ಹತ್ತುವ ಆಳಿಗೂ ಅದೇ ಮಾತು ಸಲ್ಲಬೇಕು.

ಈ ಸೂತ್ರದಲ್ಲಿ ಒಂದು ದೊಡ್ಡ ಕೊರತೆ ಉಳಿದೇ ಇದೆ. ಅದು ದುಡಿಮೆಯನ್ನು ಮಾತ್ರ ಎಣಿಸುತ್ತದೆ. ಗುತ್ತಿಗೆಯ ಗ್ಯಾಂಗಿನಲ್ಲಿದ್ದ ಒಬ್ಬ ಕಕ್ಷಿದಾರ ನನ್ನ ಕಚೇರಿಗೆ ಹೆಂಡತಿಯ ಜೊತೆ ಬಂದಿದ್ದರು. ಎರಡೂ ತೋಳು ಭುಜದ ಹತ್ತಿರಕ್ಕೆ ಹೋಗಿದ್ದವು. ವಕಾಲತ್ತಿಗೆ ಸಹಿ ಬೇಕು, ಇಲ್ಲವೇ ಹೆಬ್ಬೆಟ್ಟು ಬೇಕು. ಆಕೆ ಅವರ ಚಪ್ಪಲಿ ಬಿಚ್ಚಿ, ಸೆರಗಿನಿಂದ ಪಾದ ಒರೆಸಿ, ಕಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಆಮೇಲೆ ಲೋಟ ಹಿಡಿದು ನೀರು ಕುಡಿಸಿದರು. ಗಂಡನಿಗೆ ಊಟ, ಸ್ನಾನ, ಶೌಚ ಎಲ್ಲ ಆಕೆಯ ಕೈಯಲ್ಲೇ ಆಗಬೇಕಾಗಿ ಕೂಲಿಗೆ ಹೋಗುವುದನ್ನು ಬಿಟ್ಟಿದ್ದರು. ಒಂದು ಅಪಘಾತ ಎರಡು ಸಂಬಳ ನಿಲ್ಲಿಸಿತ್ತು. ಪರಿಹಾರದ ಅರ್ಜಿಯ ನಮೂನೆಯಲ್ಲಿ ಆಕೆಯ ಈ ದುಡಿಮೆಯನ್ನು ಬರೆಯಲು ಜಾಗವೇ ಇರಲಿಲ್ಲ.

ಸಿವಿಲ್ ದಾವೆಯಲ್ಲಿ ಆ ಜಾಗ ಇದೆ, ನಾವು ಬರೆಯಬೇಕು ಅಷ್ಟೆ. ರಸ್ತೆ ಅಪಘಾತದಲ್ಲಿ ಬುದ್ಧಿಶಕ್ತಿಯನ್ನೇ ಕಳೆದುಕೊಂಡ ಹನ್ನೆರಡು ವರ್ಷದ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ನೋಡಿಕೊಳ್ಳುವ ಇಬ್ಬರಿಗೆ ತಿಂಗಳಿಗೆ ತಲಾ 5,000ದಂತೆ, 18ರ ಗುಣಕ ಹಾಕಿ, ಅದೊಂದೇ ಬಾಬ್ತಿಗೆ 21,60,000 ರೂಪಾಯಿ ಕೊಟ್ಟಿತು. ವಿದ್ಯುತ್ ಗಾಯದಲ್ಲೂ ಇದೇ ಲೆಕ್ಕ ಕೇಳಬೇಕು. ಕೃತಕ ಕೈಕಾಲು ಒಮ್ಮೆ ಕೊಂಡರೆ ಮುಗಿಯುವುದಿಲ್ಲ. ಬೆಳೆಯುವ ಮಗುವಿಗೆ ಮತ್ತೆ ಮತ್ತೆ ಬದಲಿಸಬೇಕು, ದೊಡ್ಡವರಿಗೂ ಕೆಲವು ವರ್ಷಕ್ಕೊಮ್ಮೆ ಹೊಸದು ಬೇಕು. ಮುಂದಿನ ಶಸ್ತ್ರಚಿಕಿತ್ಸೆ, ಓಡಾಟ, ನೋವು, ಮದುವೆಯ ಅವಕಾಶದ ನಷ್ಟ ಒಂದೊಂದನ್ನೂ ಪ್ರತ್ಯೇಕ ಶೀರ್ಷಿಕೆಯಲ್ಲಿ ಕೇಳಬೇಕು. ಹರಿಯಾಣದ ಪಾಣಿಪತ್ತಿನಲ್ಲಿ 2011ರಲ್ಲಿ ಮನೆಯ ಛಾವಣಿಯ ಹತ್ತಿರ ಹಾದುಹೋಗಿದ್ದ 11 ಕೆ.ವಿ. ತಂತಿ ತಗುಲಿ ಪುಟ್ಟ ಹುಡುಗನೊಬ್ಬನ ಎರಡು ಕೈ, ಒಂದು ಕಾಲು ಹೋದವು. ಹೈಕೋರ್ಟಿನ ಏಕಸದಸ್ಯ ಪೀಠ 60 ಲಕ್ಷ ರೂಪಾಯಿ ಕೊಟ್ಟಿತು, ವಿಭಾಗೀಯ ಪೀಠ ಅದನ್ನು ಇಳಿಸಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 60 ಲಕ್ಷವನ್ನೇ ಉಳಿಸಿತು. ಈ ಪ್ರಕರಣ ರಿಟ್ ಮೂಲಕವೇ ಬಂದದ್ದು ಎಂಬುದನ್ನೂ ವಿದ್ಯಾರ್ಥಿಗಳು ಗುರುತು ಮಾಡಿಕೊಳ್ಳಲಿ. ಆ ತೀರ್ಪನ್ನು ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಓದಿ ಹೇಳುವುದು ನಮ್ಮ ಕೆಲಸ.

ಎಲ್ಲಕ್ಕೂ ಮೊದಲು ನಾನು ಕೇಳಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆಯನ್ನು. ತನಿಖೆ ಮುಗಿದ ಕೂಡಲೇ ವರದಿಯ ಪ್ರತಿಯನ್ನು, ಗಾಯಾಳು ಅರ್ಜಿ ಹಾಕದಿದ್ದರೂ, ಅವರ ಮನೆಗೆ ಅಂಚೆಯಲ್ಲಿ ಕಳಿಸಿಕೊಡಿ. ವಿದ್ಯುತ್ ಕಂಪನಿಗಳು ಗಾಯಾಳುಗಳಿಗೆ ಆಸ್ಪತ್ರೆಯ ಖರ್ಚನ್ನು ಮೊದಲೇ ಭರಿಸಿ, ಹೊಣೆಯ ವಾದವನ್ನು ಆಮೇಲೆ ಮಾಡಲಿ. ಕಾನೂನು ಸೇವಾ ಸಮಿತಿಗಳು ಬೆಂಗಳೂರಿನ ವಿಕ್ಟೋರಿಯಾ, ಹುಬ್ಬಳ್ಳಿಯ ಹಿಂದಿನ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಳ ಸುಟ್ಟಗಾಯದ ವಾರ್ಡುಗಳಿಗೆ ವಾರಕ್ಕೊಮ್ಮೆಯಾದರೂ ಒಬ್ಬ ವಕೀಲರನ್ನು ಕಳಿಸಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯೇ ಕೊಟ್ಟಿದೆ. ಕೈಕಾಲು ಕಳೆದುಕೊಂಡವರು ಈ ಸಾಲಿಗೆ ತಾವಾಗಿಯೇ ಸೇರುತ್ತಾರೆ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆ ಒಂದೇ. ನಿಮ್ಮ ಊರಿನಲ್ಲಿ ಕರೆಂಟು ಹೊಡೆದು ಬದುಕುಳಿದವರು ಯಾರಾದರೂ ಇದ್ದೇ ಇರುತ್ತಾರೆ. ಈ ರಜೆಯಲ್ಲಿ ಅವರ ಮನೆಗೆ ಹೋಗಿ, ಅಪಘಾತವಾದ ದಿನಾಂಕ ಕೇಳಿ. ವರ್ಷ ಇನ್ನೂ ತುಂಬಿಲ್ಲವಾದರೆ ಅವರನ್ನು ಕರೆದುಕೊಂಡು ಮರುದಿನವೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ. ಅದು ನ್ಯಾಯಾಲಯದ ಆವರಣದಲ್ಲೇ ಇದೆ, ಅಲ್ಲಿ ಅರ್ಜಿಗೆ ಶುಲ್ಕವಿಲ್ಲ.